ಹತ್ತು ಸೀಟಿನ ಸರ್ವರ್

ಬಸ್ಸಿನ ಉದಾಹರಣೆ ಕೊಟ್ಟದ್ದೇ ತಪ್ಪಾಯಿತು.

ಸೋಮವಾರದ ಮೀಟಿಂಗಿನಲ್ಲಿ ಶರಣಬಸವ ಆ ಒಂದು ಮಾತು ಆಡದೆ ಇದ್ದಿದ್ದರೆ, ಗುರುವಾರ ಹೊಸ ಅಂಗಿ ತೊಟ್ಟು, ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಹೊತ್ತಿಗೆ ಸರಿಯಾಗಿ ಮುಂಡಗೋಡ ಸೇರುತ್ತಿದ್ದ. ಅಲ್ಲಿ ತವರಿನಲ್ಲಿ ಅವನ ಹೆಂಡತಿ ಪೂರ್ಣಿಮಾ ಬಾಣಂತಿ. ಗುರುವಾರ ದೀಪ ಹಚ್ಚುವ ಹೊತ್ತಿಗೆ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಿಶ್ಚಯವಾಗಿತ್ತು.

ಹೆಸರನ್ನು ಗಂಡ ಹೆಂಡತಿ ಇಬ್ಬರೇ ಗುಟ್ಟಾಗಿ ಆರಿಸಿದ್ದರು: ಭೂಮಿಕಾ. ಆದರೆ ತೊಟ್ಟಿಲ ಮುಂದೆ ಹೆಸರು ಹೇಳುವುದು ಗಂಡಿನ ಕಡೆಯವರ ಹಕ್ಕು, ಬಾಣಂತಿ ಬಾಯಿ ಬಿಡುವಂತಿಲ್ಲ. ಪೂರ್ಣಿಮಾ ಹಿಂದಿನ ದಿನವೇ ಫೋನಿನಲ್ಲಿ ಎಚ್ಚರಿಸಿದ್ದಳು. "ನೀವ ಬಂದು ಹೇಳ್ರಿ. ನೀವು ಬರಲಿಲ್ಲ ಅಂದ್ರ ನಮ್ಮವ್ವ ತಮ್ಮವ್ವನ ಹೆಸರ ಇಟ್ಟಬಿಡ್ತಾಳ. ಕೂಸಿಗೆ ಮುದಕವ್ವ ಅಂದ್ರ ಸಾಲ್ಯಾಗ ಹುಡುಗೂರು ಸುಮ್ಮನಿರ್ತಾವೇನ್ರಿ?"

"ನಾ ಬಂದ ಬರ್ತೇನಿ," ಎಂದಿದ್ದ ಶರಣಬಸವ. ಮಗಳು ಹುಟ್ಟಿದ ದಿನವೂ ಹೀಗೇ ಹೇಳಿದ್ದ. ಅಂದು ಆಫೀಸಿಗೆ ಹೊಸ ಸರ್ವರ್ ಬಂತು. ಅದನ್ನು ಡಬ್ಬದಿಂದ ಇಳಿಸಿ, ಜೋಡಿಸಿ, ಇವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವನ್ನು ಊರೆಲ್ಲ ಎತ್ತಿ ಮುದ್ದಾಡಿ ಮಲಗಿಸಿಯಾಗಿತ್ತು. ಆ ನೋವು ಅವನೊಳಗೆ ಇನ್ನೂ ಇತ್ತು.

ದಾಂಡೇಲಿಯ ಕಾಳಿತೀರ ಗ್ರಾಹಕರ ಸಹಕಾರಿ ಸಂಘದಲ್ಲಿ ಕಂಪ್ಯೂಟರು ಎಂದರೆ ಶರಣಬಸವ, ಶರಣಬಸವ ಎಂದರೆ ಕಂಪ್ಯೂಟರು. ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಸಂಘದ ಶಾಖೆಗಳಿದ್ದವು. ಗ್ಯಾಸ್ ಬುಕಿಂಗ್, ಗೊಬ್ಬರ, ರೇಷನ್ ಮೂರಕ್ಕೂ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ದಾಂಡೇಲಿಯ ಈ ಒಂದೇ ಸರ್ವರಿನ ಮೇಲೆ ಓಡುತ್ತಿದ್ದವು. ಮೊದಲು ಒಂದೊಂದು ಪ್ರೋಗ್ರಾಮೂ ಲೆಕ್ಕಪತ್ರವೆಲ್ಲ ಕೂಡಿಟ್ಟ ಡಾಟಾಬೇಸಿಗೆ ತನ್ನದೇ ಕನೆಕ್ಷನ್‌ಗಳನ್ನು ಇಟ್ಟುಕೊಂಡಿತ್ತು. ಆ ಭಾರಕ್ಕೆ ಯಂತ್ರ ಏದುಸಿರು ಬಿಡುತ್ತಿತ್ತು. ಶರಣಬಸವ ಭಾನುವಾರ ಕುಳಿತು ಅವನ್ನೆಲ್ಲ ಅಳಿಸಿ, ಸರ್ವರಿನ ಮುಖ್ಯ ಫೈಲಿನಲ್ಲಿ ಎಲ್ಲರಿಗೂ ಸೇರಿ ಹತ್ತು ಕನೆಕ್ಷನ್ ಎಂದು ಬರೆದ. ಎಂಟ್ರಿಯ ಪರದೆ ತೆರೆದಾಗ ಒಂದು ಕನೆಕ್ಷನ್ ಸಿಗುತ್ತದೆ, ಮುಚ್ಚಿದಾಗ ಅದು ಮುಂದಿನವರಿಗೆ ಹೋಗುತ್ತದೆ. ಹಂಚಿಕೊಂಡು ಬಳಸಿದರೆ ಹತ್ತು ಧಾರಾಳವಾಗಿ ಸಾಕು.

ಇದನ್ನೇ ಸೋಮವಾರ ನಾಲ್ಕೂ ಊರಿನವರಿಗೆ ತಿಳಿಯಲೆಂದು ಸುಲಭ ಮಾಡಿ ಹೇಳಿದ್ದ. "ನೋಡ್ರಿ, ಇದು ಬಸ್ ಇದ್ದಂಗ. ಹತ್ತ ಸೀಟು. ಎಲ್ಲಾರೂ ಅದರಾಗ ಹೋಗಬೇಕು. ಕೆಲಸಾ ಆತು ಅಂದ್ರ ಇಳದು ಮುಂದಿನವರಿಗೆ ಬಿಡ್ರಿ."

ಎಲ್ಲರೂ ತಲೆಯಾಡಿಸಿದರು. ಆದರೆ ಎಲ್ಲರ ಕಿವಿಗೂ ಬಿದ್ದದ್ದು ಒಂದೇ: ನಾಲ್ಕು ಊರಿಗೆ ಹತ್ತೇ ಸೀಟು. ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ಟವೆಲ್ಲು, ಕರ್ಚೀಫು, ಒಮ್ಮೊಮ್ಮೆ ಕೂಸನ್ನೂ ತೂರಿಸಿ ಸೀಟು ಹಿಡಿದ ಜನ ಅವರು. ಅವರಿಗೆ ಮುಂದಿನದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಶರಣಬಸವ ಹೊಸ ಅಂಗಿಯ ಮಡಿಕೆ ಮುರಿಯದಂತೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ. ಊಟದ ಹೊತ್ತಿನ ತನಕ ಕೆಲಸ, ಆಮೇಲೆ ರಜೆ. ಮೊದಲ ಫೋನು ಜೋಯಿಡಾದಿಂದ ಬಂತು. ಗ್ಯಾಸ್ ಪರದೆ ತೆರೆಯುತ್ತಿಲ್ಲ. ಎರಡನೆಯದು ಮುಂಡಗೋಡದ ಗುಮಾಸ್ತ ಥಾವರೆಪ್ಪನದು. "ಸರ್, ಗೊಬ್ಬರದ ಲಾರಿ ಬಂದು ನಿಂತೈತಿ, ರೈತರು ಪಾಳಿ ಹಚ್ಯಾರ. ಪರದೆ ಮಾತ್ರ ಬೆಳ್ಳಗ ಕುಂತೈತಿ ನೋಡ್ರಿ."

ಶರಣಬಸವ ನೋಡಿದ. ಹತ್ತಕ್ಕೆ ಹತ್ತೂ ಕನೆಕ್ಷನ್ ತುಂಬಿದ್ದವು. ಆದರೆ ಒಂದರಲ್ಲೂ ಕೆಲಸ ನಡೆದಿರಲಿಲ್ಲ. ಎದ್ದು ಪಕ್ಕದ ಕೋಣೆಗೆ ಹೋದ. ಗ್ಯಾಸ್ ಕೌಂಟರಿನ ಹಿರಿಯ ಗುಮಾಸ್ತೆ ಈರಕ್ಕನ ಪರದೆ ತೆರೆದಿತ್ತು, ಕೀಬೋರ್ಡಿನ ಮೇಲೆ ಅವಳ ಕನ್ನಡಕದ ಡಬ್ಬಿ ಇತ್ತು, ಈರಕ್ಕ ಮಾತ್ರ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಳು.

"ಅಕ್ಕಾರ, ಯಾರ ಬುಕಿಂಗ್ ಹಿಡದೀರಿ?"

"ಯಾರೂ ಬಂದಿಲ್ಲ ತಮ್ಮಾ. ಬಂದಾಗ ಸೀಟ ಸಿಗಬೇಕಲ್ಲ, ಅದಕ್ಕ ಮುಂಜಾನಿ ಬಂದಕೂಡಲೆ ಹಿಡದ ಇಟ್ಟೇನಿ. ನೀನ ಹೇಳಿದ್ಯಲ್ಲ, ಹತ್ತ ಸೀಟಂತ."

ವಾದ ಮಾಡುತ್ತ ನಿಂತರೆ ಬಸ್ಸು ತಪ್ಪೀತು. ಶರಣಬಸವ ಓಡಿಬಂದು ಹತ್ತನ್ನು ಇಪ್ಪತ್ತು ಮಾಡಿ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದ. ನಿಲ್ಲಿಸಿದರೆ ಎಲ್ಲರೂ ಹೊರಬೀಳುತ್ತಾರೆ, ಶುರುವಾದಾಗ ಎಲ್ಲರೂ ಮತ್ತೆ ನುಗ್ಗುತ್ತಾರೆ. ಖಾಲಿ ಬಸ್ಸು ಸ್ಟ್ಯಾಂಡಿಗೆ ಬಂದಾಗ ಆಗುವುದೇ ಆಯಿತು. ಇಪ್ಪತ್ತೂ ತುಂಬಿದವು. ಹಳಿಯಾಳಕ್ಕೆ ಫೋನು ಹಚ್ಚಿ ಕೇಳಿದರೆ ಅಲ್ಲಿಯ ಗುಮಾಸ್ತ ಸಮಾಧಾನವಾಗಿ ಹೇಳಿದ. "ನಾವು ಎರಡೆರಡು ಹಿಡದೇವ್ರಿ ಸರ್. ಜೋಯಿಡಾದವರ ಲೈನ್ ಸಾವಕಾಶ ಐತಿ, ಪಾಪ. ಅವರ ಸಲುವಾಗೂ ಒಂದ ಹಿಡದ ಇಟ್ಟೇವಿ."

"ಅವರು ಜೋಯಿಡಾದಾಗ ಕುಂತಾರ, ನೀವು ಹಳಿಯಾಳದಾಗ ಹಿಡದರ ಅವರು ಹೆಂಗ ಏರ್ತಾರ್ರಿ?"

"ಅದನ್ನ ವಿಚಾರ ಮಾಡಿದ್ದಿಲ್ರಿ," ಎಂದ ಗುಮಾಸ್ತ.

ಮೂವತ್ತು ಮಾಡಿದಾಗ ಸರ್ವರೇ ಕೈಚೆಲ್ಲಿತು. ಅದರ ಪಂಖ ಜೋರಾಗಿ ಅರಚತೊಡಗಿತು, ಮೈ ಸುಡುತ್ತಿತ್ತು. ಜವಾನ ಶಂಕ್ರಪ್ಪನಿಗೆ ಯಾರ ಕಷ್ಟವನ್ನೂ ನೋಡಲಾಗದು. ತನ್ನ ಟವೆಲ್ ಒದ್ದೆ ಮಾಡಿ, ಜ್ವರ ಬಂದವರ ಹಣೆಗೆ ಹಾಕುವಂತೆ ಸರ್ವರಿನ ಮೇಲೆ ಹಾಕಲು ಬಂದ. ಶರಣಬಸವ ಅವನ ಎರಡೂ ಕೈ ಹಿಡಿದು ತಡೆದ.

ಅಷ್ಟರಲ್ಲಿ ಮ್ಯಾನೇಜರ್ ಚನಬಸಪ್ಪ ಬಂದು ನಿಂತರು. "ಶರಣಬಸವ, ನನಗೂ ಹೆಣ್ಣಮಕ್ಕಳದಾವಪಾ, ನಿನ್ನ ಸಂಕಟ ತಿಳೀತೈತಿ. ಆದ್ರ ಅಲ್ಲಿ ರೈತರು ಬಿಸಲಾಗ ನಿಂತಾರ. ಇದು ಸರಿ ಆಗೂ ತನಕಾ ನಿನ್ನ ಬಿಡಾಕ ಆಗೂದಿಲ್ಲ."

ಅದೇ ಹೊತ್ತಿಗೆ ಮತ್ತೆ ಫೋನು. ಬೆಳಿಗ್ಗೆಯೇ ಮುಂಡಗೋಡ ಸೇರಿದ್ದ ಅವನ ಅಕ್ಕ ಸಿದ್ದಕ್ಕ. ಮಗುವಿನ ಕಿವಿಯಲ್ಲಿ ಹೆಸರು ಕೂಗುವ ಸೋದರತ್ತೆ ಅವಳೇ. "ಹೆಸರರ ಹೇಳಿಬಿಡೋ ತಮ್ಮಾ. ಅಕಸ್ಮಾತ್ ನಿನಗ ತಡಾ ಆದ್ರ?"

"ನಿನ್ನ ಮುಂದ ಹೇಳಿದ್ರ ನಾ ಬರೂದ್ರಾಗ ಓಣಿಗೆಲ್ಲ ಗೊತ್ತಾಗಿರ್ತೈತಿ. ನಾನ ಬಂದು ಹೇಳ್ತೇನಿ. ಅಲ್ಲೀ ತನಕಾ ಅದು ನನ್ನ ಹತ್ರ ಇರ್ಲಿ," ಎಂದು ಶರಣಬಸವ ಫೋನಿಟ್ಟ. ತನ್ನ ಮಗಳ ಹೆಸರನ್ನು ಮೊದಲ ಸಲ ಎಲ್ಲರೆದುರು ತಾನೇ ಹೇಳಬೇಕೆಂಬ ಆಸೆ ಅವನಿಗಿತ್ತು.

ಫೋನಿಟ್ಟ ಮೇಲೆ ದಾರಿ ಹೊಳೆಯಿತು. ಸೀಟು ಹೆಚ್ಚಿಸಿ ಪ್ರಯೋಜನವಿಲ್ಲ, ಟವೆಲ್ ತೆಗೆಯಬೇಕು. ಮೂವತ್ತನ್ನು ಮತ್ತೆ ಹತ್ತಕ್ಕಿಳಿಸಿ ಕೆಳಗೆ ಒಂದು ನಿಯಮ ಸೇರಿಸಿದ. ಹಿಡಿದ ಕನೆಕ್ಷನ್ ಐದು ನಿಮಿಷ ಸುಮ್ಮನೆ ಕುಳಿತರೆ ಸರ್ವರ್ ಅದನ್ನು ತಾನೇ ಕಸಿದುಕೊಂಡು ಕಾಯುತ್ತಿರುವವರಿಗೆ ಕೊಡಬೇಕು.

ಸ್ವಲ್ಪ ಹೊತ್ತಿನಲ್ಲಿ ಪಂಖದ ಅರಚಾಟ ನಿಂತಿತು. ಜೋಯಿಡಾದಲ್ಲಿ ಗ್ಯಾಸ್ ಪರದೆ ತೆರೆಯಿತು. ಮುಂಡಗೋಡದ ಥಾವರೆಪ್ಪನ ದನಿಯಲ್ಲಿ ಹರ್ಷ ಉಕ್ಕುತ್ತಿತ್ತು. "ಗೊಬ್ಬರ ಹೊಂಟೈತಿ ಸರ್. ಏನ್ ಮಂತ್ರಾ ಹಾಕಿದ್ರಿ?"

"ಮಂತ್ರಾ ಇಲ್ಲ, ಏನಿಲ್ಲ. ಐದು ನಿಮಿಷ ಕಾಯೋದು. ಜಾಗಾ ಹಿಡದವ ಕೆಲಸಕ್ಕ ಬರಲಿಲ್ಲಾ, ಅದು ಮುಂದಿನವರಿಗೆ. ಯಾರ ಇರ್ಲಿ, ಮುಲಾಜಿಲ್ಲ."

"ಭಾಳ ಚಲೋ ಕಾಯಿದೆ ಸರ್. ಎಲ್ಲಾ ಕಡೆ ಹಚ್ಚಬೇಕಾದ್ದು. ಸಂಜೀಕ ನಿಮ್ಮ ಮಾವನವರ ಮನೀಗೆ ತೊಟ್ಟಿಲಕ್ಕ ಬರ್ತೇನಿ, ಅಲ್ಲೆ ಮಾತಾಡೂಣು."

ಸಂತೋಷವಾಗದವಳು ಈರಕ್ಕ ಒಬ್ಬಳೇ. ಮತ್ತೊಂದು ಚಹಾ ಮುಗಿಸಿ ಬಂದು ನೋಡಿದರೆ ಪರದೆ ಹೋಗಿತ್ತು. "ನನ್ನ ಜಾಗಾ ಕಸಗೊಂಡ್ಯಲ್ಲೋ ತಮ್ಮಾ."

"ಸೀಟು ಕುಂತವರಿಗ್ರಿ ಅಕ್ಕಾರ, ಟವೆಲ್ಲಿಗಲ್ಲ," ಎಂದ ಶರಣಬಸವ. ಆ ಮಾತು ಅವನಿಗೇ ಬಹಳ ಹಿಡಿಸಿತು. ಚನಬಸಪ್ಪನವರು ನಕ್ಕರು, ಆಫೀಸಿನವರೆಲ್ಲ ಅದನ್ನೇ ಎರಡೆರಡು ಸಲ ಹೇಳಿಕೊಂಡರು. ಈರಕ್ಕ ಮಾತ್ರ ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಅರ್ಧ ದಿನದ ರಜೆ ಬರೆದಿಟ್ಟು, ತನ್ನೂರು ಹಳಿಯಾಳಕ್ಕೆಂದು ಬೇಗನೆ ಹೊರಟಳು.

ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತು. ಕೊನೆಯ ಸಲ ಎಲ್ಲ ಸರಿಯಿದೆಯೇ ಎಂದು ನೋಡಿಯೇ ಹೊರಡಬೇಕು. ಶರಣಬಸವ ತನ್ನ ಟವೆಲ್ಲನ್ನು ಶಂಕ್ರಪ್ಪನ ಕೈಗಿಟ್ಟ. "ಶಂಕ್ರಪ್ಪಾ, ಸ್ಟ್ಯಾಂಡಿಗೆ ಹೋಗಿ ಮುಂಡಗೋಡ ಬಸ್ಸಿನಾಗ ಕಿಡಕಿ ಸೀಟ ಒಂದ ಹಿಡದ ಬಾ."

ತಾನು ಈಗಷ್ಟೇ ಆಡಿದ ಮಾತು ಅವನಿಗೆ ನೆನಪಾಗಲಿಲ್ಲ. ನಮಗೆಲ್ಲ ಹಾಗೆಯೇ, ನಮ್ಮ ಟವೆಲ್ಲು ನಮಗೆ ಟವೆಲ್ಲಿನಂತೆ ಕಾಣುವುದಿಲ್ಲ.

ಬೆವರುತ್ತ ಬಸ್ಸು ಹತ್ತಿದಾಗ ಕಿಟಕಿ ಪಕ್ಕ ಈರಕ್ಕ ಕುಳಿತಿದ್ದಳು. ಶಂಕ್ರಪ್ಪ ಹಾಸಿಹೋಗಿದ್ದ ಟವೆಲ್ಲನ್ನು ಅಂದವಾಗಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟಳು.

"ಐದು ನಿಮಿಷ ಕಾಯ್ದೆ ತಮ್ಮಾ. ನೀ ಬರಲಿಲ್ಲ."

ಮೂಲೆಯಲ್ಲಿ ಯಾರೋ ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಸ್ಸಿನ ತುಂಬ ಈರಕ್ಕನ ಗುರುತಿನವರು. ಐದು ನಿಮಿಷದ ಕಾಯಿದೆ ಏನೆಂದು ಕೇಳಿದರು, ಅವಳು ಬಿಡಿಸಿ ಹೇಳಿದಳು, ಕೂಡಲೇ ಎಲ್ಲರಿಗೂ ಅದು ಹಿಡಿಸಿತು. ನಿಂತವರೆಲ್ಲ ಖಾಲಿ ಸೀಟುಗಳ ಮೇಲಿನ ಟವೆಲ್ಲು, ಚೀಲ, ಛತ್ರಿಗಳನ್ನು ತೆಗೆದಿಟ್ಟು ಕುಳಿತರು. ಕೆಳಗೆ ಭಜಿ ತಿನ್ನುತ್ತಿದ್ದ ಟವೆಲ್ಲಿನ ಧಣಿಗಳು ಓಡಿಬಂದರು. ಜಗಳ ಹತ್ತಿತು. ಕಂಡಕ್ಟರ್ ಸೀಟಿ ಊದಿದ, ಕೈಮುಗಿದ, ಕೊನೆಗೆ ತಾನೂ ಕೆಳಗಿಳಿದು ಭಜಿ ತಿನ್ನಲು ಹೋದ. "ಯಾವನ್ರೀ ಈ ಕಾಯಿದೆ ತಂದಾಂವ?" ಎಂದು ಒಬ್ಬ ಮುದುಕ ಕೇಳಿದಾಗ ಶರಣಬಸವ ಕಿಟಕಿಯಾಚೆ ನೋಡುತ್ತ ನಿಂತ.

ಬಸ್ಸು ಬಹಳ ತಡವಾಗಿ ಹೊರಟಿತು. ಹಳಿಯಾಳದಲ್ಲಿ ಈರಕ್ಕ ಇಳಿದಳು. ಶರಣಬಸವ ಸೀಟಿನ ಕಡೆ ತಿರುಗುವಷ್ಟರಲ್ಲಿ ಕಿಟಕಿಯಿಂದ ಒಂದು ಕೈ ಬಂದು ಅಲ್ಲಿ ಕೆಂಪು ಟವೆಲ್ ಹಾಸಿತು. ಇನ್ನೊಂದು ಜಗಳವಾದರೆ ಮುಂಡಗೋಡ ಮುಟ್ಟುವುದು ನಾಳೆಗೇ ಎಂದುಕೊಂಡು, ಕಲಘಟಗಿ ದಾಟಿ ಹೊಲಗಳ ನಡುವೆ ಹೊತ್ತು ಮುಳುಗುವುದನ್ನು ನಿಂತೇ ನೋಡಿದ. ಫೋನಿನಲ್ಲಿ ಹೇಳಿಬಿಡಲು ಮನಸ್ಸು ಬಾರದೆ, ದಾರಿಯುದ್ದಕ್ಕೂ ಮಗಳ ಹೆಸರನ್ನು ಬಾಯೊಳಗೇ ಹೇಳಿಕೊಂಡ.

ಮಾವನ ಮನೆಯ ಬಾಗಿಲಲ್ಲಿ ಚಪ್ಪಲಿಗಳು ರಾಶಿ ಬಿದ್ದಿದ್ದವು. ಒಳಗೆ ಹೆಂಗಸರ ನಗು, ಬಳೆಗಳ ಸದ್ದು. ತೊಟ್ಟಿಲು ಆಗಲೇ ತೂಗುತ್ತಿತ್ತು. ಸಿದ್ದಕ್ಕ ಬೆನ್ನು ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಮಗುವಿನ ಕಿವಿಯಲ್ಲಿ ಹೆಸರು ಕೂಗುವಾಗ ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದುವುದು ರೂಢಿ. ಆ ಬೆನ್ನು ನೋಡಿಯೇ ಶರಣಬಸವನಿಗೆ ಎಲ್ಲ ತಿಳಿಯಿತು.

"ಬರ್ರಿ ಅಳಿಯಂದ್ರ," ಎಂದು ಅತ್ತೆ ಶಂಕ್ರವ್ವ ನೀರು ತಂದರು. "ನಾವು ರಾತ್ರಿ ತನಕಾ ಕಾಯಬೇಕಂತಿದ್ವಿರಿ. ನಿಮ್ಮ ಆಫೀಸಿನ ಥಾವರೆಪ್ಪನವರ ಅಂದ್ರು, ಶರಣಬಸವ ಸಾಹೇಬ್ರದ ಕಾಯಿದೆ ಐತಿ, ಐದು ನಿಮಿಷ ಅಷ್ಟ ಕಾಯಬೇಕು, ಯಾರ ಇರ್ಲಿ ಮುಲಾಜಿಲ್ಲಂತ. ನಿಮ್ಮ ಮಾತು ಮೀರೂದು ಬ್ಯಾಡಂತ ಮುದಕವ್ವ ಅಂತ ಇಟ್ವಿ."

ಥಾವರೆಪ್ಪ ಮೂಲೆಯಲ್ಲಿ ಸಿಹಿ ಉಂಡಿ ಹಿಡಿದುಕೊಂಡು ಹೆಮ್ಮೆಯಿಂದ ತಲೆಯಾಡಿಸಿದ.

"ನೀ ಹೆಸರ ಹಿಡಕೊಂಡ ಅಲ್ಲಿ ಕುಂತಿ, ಇಲ್ಲಿ ತೊಟ್ಟಿಲ ಖಾಲಿ ತೂಗಾಕತ್ತಿತ್ತು," ಎಂದಳು ಸಿದ್ದಕ್ಕ. "ಮುಂಜಾನಿ ಅದನ್ನ ನನಗ ಬಿಟ್ಟಕೊಟ್ಟಿದ್ರ ಆಗ್ತಿತ್ತಿಲ್ಲೋ?"

ಶರಣಬಸವನಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯುವ ಮೊದಲೇ ತೊಟ್ಟಿಲ ಪಕ್ಕ ಮುದುಡಿ ಕುಳಿತ ಮಗುವಿನ ಮುತ್ತಜ್ಜಿ, ಅತ್ತೆಯ ತಾಯಿ, ಕಣ್ಣಿಗೆ ಬಿದ್ದಳು. ಅವಳ ಕಣ್ಣು ಮಂಜು, ಕಿವಿ ಮಂದ. ಅವಳನ್ನು ಈ ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು, ಹೆಸರು ಹಿಡಿದು ಕರೆಯುವವರೆಲ್ಲ ಎಂದೋ ತೀರಿಹೋಗಿದ್ದರು. ಈಗ ಅವಳು ತೊಟ್ಟಿಲ ಹಗ್ಗ ಹಿಡಿದು, "ಮುದಕವ್ವಾ, ಏ ಮುದಕವ್ವಾ" ಎಂದು ತನ್ನನ್ನೇ ತಾನು ಕರೆದುಕೊಳ್ಳುವಂತೆ ಕರೆಯುತ್ತಿದ್ದಳು, ಕರೆದು ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಆ ನಗುವಿನೆದುರು ಭೂಮಿಕಾ ಎಂದು ಹೇಳುವ ಧೈರ್ಯ ಶರಣಬಸವನಿಗೆ ಬರಲಿಲ್ಲ. ಪೂರ್ಣಿಮಾಳ ಕಡೆ ನೋಡಿದ. ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡು ಇರಲಿ ಬಿಡಿ ಎನ್ನುವಂತೆ ನಕ್ಕಳು.

ಅವನು ತೊಟ್ಟಿಲೊಳಗೆ ಬಗ್ಗಿ ಮಗಳ ಅಂಗೈಗೆ ಬೆರಳು ತಾಗಿಸಿದ. ನಿದ್ದೆಯಲ್ಲಿದ್ದ ಮಗು ಅದನ್ನು ಗಪ್ಪನೆ ಹಿಡಿದುಕೊಂಡಿತು.

"ಊಟಕ್ಕ ಏಳ್ರಿ ಎಲ್ಲಾರೂ," ಎಂದು ಒಳಗಿನಿಂದ ಕರೆದರು. ಜನರೆಲ್ಲ ಎದ್ದುಹೋದರು. ಪಡಸಾಲೆಯಲ್ಲಿ ತಾಟುಗಳ ಸದ್ದಾಯಿತು, ಹೋಳಿಗೆಯ ವಾಸನೆ ಬಂತು. ಬೆಳಗಿನಿಂದ ಏನೂ ತಿನ್ನದ ಶರಣಬಸವನ ಹೊಟ್ಟೆ ಸದ್ದು ಮಾಡಿತು. ಬೆರಳು ಮಾತ್ರ ಬಿಡುಗಡೆಯಾಗಲಿಲ್ಲ, ಅವನೂ ಎಳೆದುಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಥಾವರೆಪ್ಪ ಬಾಗಿಲಲ್ಲಿ ಇಣುಕಿದ. "ಸರ್, ನಿಮ್ಮ ತಾಟಿನ ಮುಂದ ಐದು ನಿಮಿಷ ಕಾಯ್ದ್ವಿ. ಬೇರೆದವರನ್ನ ಕುಂದ್ರಿಸಿದ್ವಿರಿ."

"ಚಲೋ ಮಾಡಿದ್ರಿ," ಎಂದು ಶರಣಬಸವ ಪಿಸುಗುಟ್ಟಿದ. "ಸಾವಕಾಶ ಮಾತಾಡ್ರಿ. ಮುದಕವ್ವ ಏಳ್ತಾಳ."