ಸುಭದ್ರಾಬಾಯಿಯ ರತ್ನಗಂಬಳಿಯ ಮೇಲೆ ಮೋತಿ ಮಾಡಿದ ದಂಡಯಾತ್ರೆ

ಯಾವನು ಆನೆಗೂ ಇರುವೆಗೂ ಒಂದೇ ಕೈಯಿಂದ ಉಸಿರು ತುಂಬಿದನೋ, ಯಾವನ ಕಣ್ಣಿಗೆ ರಣರಂಗವೂ ಪಡಸಾಲೆಯೂ ಸರಿಸಮಾನವೋ, ಆ ಪರಮಾತ್ಮನಿಗೆ ಕೈಮುಗಿದು ಈ ಕಥೆಯನ್ನು ಎತ್ತಿಕೊಳ್ಳುತ್ತೇನೆ. ಕೇಳುವವರು ಕಾಲು ಚಾಚಿ ಕೂತುಕೊಳ್ಳಿ. ಮೂಗು ಮುಚ್ಚಿಕೊಳ್ಳುವ ಪ್ರಸಂಗ ಬಂದಾಗ ನಾನೇ ಹೇಳುತ್ತೇನೆ.

ಕಲಿಯುಗದ ಮೊದಲ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಹಳೆಯ ಓಣಿಗಳನ್ನು ಹಿನ್ನೀರಿಗೆ ಒಪ್ಪಿಸಿ ದಿನ್ನೆಯ ಮೇಲೆ ಹೊಸದಾಗಿ ಎದ್ದ ಬಾಗಲಕೋಟೆಯ ನವನಗರದಲ್ಲಿ, ಒಂದು ಸೆಕ್ಟರಿನ ಮೂಲೆಮನೆಯ ಪಡಸಾಲೆಯಲ್ಲಿ, ಟಿ.ವಿ.ಯಿಂದ ಪೂರ್ವಕ್ಕೂ ಸೋಫಾದಿಂದ ಪಶ್ಚಿಮಕ್ಕೂ, ಏಕಾದಶಿಯ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಒಂದು ಘೋರಕೃತ್ಯ ನಡೆದುಹೋಯಿತು.

ಆ ಮನೆಯ ಒಡೆಯನು ವರದೇಂದ್ರರಾಯ. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆಯನ್ನು ಗದೆಯಂತೆ ಬೀಸಿದ ಮುದ್ರಾಪ್ರಹಾರಪ್ರಚಂಡ, ಹರಿದ ಲಕೋಟೆಗಳ ಅನಾಥರಕ್ಷಕ. ಒಂದು ಕಾಲಕ್ಕೆ ಇಡೀ ಪೇಟೆಯೇ ಅವನ ಕಿಟಕಿ ತೆರೆಯುವುದನ್ನು ಕಾಯುತ್ತಿತ್ತು. ನಿವೃತ್ತನಾದ ಮೇಲೆ ಅವನ ಹಾದಿ ಕಾಯುವ ಜೀವ ಲೋಕದಲ್ಲಿ ಒಂದೇ ಉಳಿದಿತ್ತು. ಅದರ ಹೆಸರು ಮೋತಿ. ವರ್ಷದ ಪ್ರಾಯ, ಬೀದಿಕುಲಸಂಭೂತ, ನಮಿತೈಕಕರ್ಣ, ವಕ್ರಲಾಂಗೂಲವಿರಾಜಿತ, ಕಾಲೆತ್ತಿದ ಕಡೆಯಲ್ಲೆಲ್ಲ ‘ಇದು ನನ್ನ ರಾಜ್ಯ’ ಎಂದು ಶಾಸನ ಬರೆಯುವ ಸಾರ್ವಭೌಮ.

ಒಡತಿಯಾದ ಸುಭದ್ರಾಬಾಯಿಯೋ, ಮಡಿಯೆಂಬ ಮಹಾದುರ್ಗವನ್ನು ಒಬ್ಬಳೇ ಕಾಯುವ ಶೌಚವ್ರತಧುರಂಧರೆ. ಅಂದು ಸಂಜೆ ನಾಲ್ಕಕ್ಕೆ ಮಹಿಳಾ ಭಜನಾ ಮಂಡಳಿ ಮೊಟ್ಟಮೊದಲ ಬಾರಿಗೆ ಅವಳ ಮನೆಗೆ ಬರುವುದಿತ್ತು. ಅದಕ್ಕೆಂದೇ ಪ್ಲಾಸ್ಟಿಕ್ ಹೊದಿಕೆಯೊಳಗೆ ವರ್ಷಗಟ್ಟಲೆ ತಪಸ್ಸು ಮಾಡುತ್ತಿದ್ದ ಕೆಂಪು ರತ್ನಗಂಬಳಿಯನ್ನು ಬಿಚ್ಚಿ ಹಾಸಿದ್ದಳು. ದೇವರ ನಾಮ ಹಾಡುವ ಜಾಗವಲ್ಲವೆ? ಪದ್ಧತಿಯಂತೆ ಅದರ ನಡುವೆ ಗೋಮೂತ್ರ ಚಿಮುಕಿಸಿ, ದೀಪ ಹಚ್ಚಲು ಒಳಗೆ ಹೋಗಿದ್ದಳು. ಹೊರಗೆ ಬಂದಾಗ, ಚಿಮುಕಿಸಿದ ಜಾಗದಲ್ಲೇ ಒಂದು ನೂತನ ಸರೋವರ ಉದ್ಭವಿಸಿತ್ತು.

“ಏನ್ರೀ! ಬರ್ರಿ ಇಲ್ಲೆ! ನಿಮ್ಮ ಯುವರಾಜರ ಪರಾಕ್ರಮ ನೋಡ್ರಿ!”

ರಾಯನು ಬಂದನು, ನೋಡಿದನು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದನು.

“ಹೇಳ್ತೀನಿ ಕೇಳ್ರಿ,” ಎಂದಳು ಸುಭದ್ರಾಬಾಯಿ. “ನಾಲ್ಕ ಗಂಟೇಕ್ಕ ನಾನ ಈ ಕಂಬಳಿಗೆ ಮೂಗು ಹಚ್ಚಿ ನೋಡ್ತೀನಿ. ಒಂಚೂರು ವಾಸನಿ ಬಂತೋ, ನಾಳೆ ಮೋತಿ ಮುಧೋಳಕ್ಕ. ನಮ್ಮಣ್ಣನ ಬೆಲ್ಲದ ಗೋದಾಮಿನಾಗ ಸರಪಳಿ ತಯಾರ ಅದ.”

“ಮುಧೋಳಕ್ಕ? ಅಲ್ಲಿ ನಾಯಿಗೋಳು ಅಂದ್ರ ದೇಶಕ್ಕೆಲ್ಲಾ ಹೆಸರಾದವು. ಈ ಬೀದ್ಯಾಗಿಂದಕ್ಕ ಅಲ್ಲಿ ಯಾರ ಮರ್ಯಾದಿ ಕೊಡ್ತಾರ?”

“ಕಾಲೆತ್ತೂಮುಂದ ಅದು ಆ ವಿಚಾರ ಮಾಡಬೇಕಿತ್ತು.”

ಆಗ ವರದೇಂದ್ರರಾಯನು ಹಳೆಯ ಧೋತರವೊಂದನ್ನು ಧ್ವಜದಂತೆ ಮೇಲೆತ್ತಿ, ವೀರರಿಗೆ ಒಪ್ಪುವ ಭಾಷೆಯಲ್ಲಿ ಗರ್ಜಿಸಿದನು: “ಎಲೌ ಮಾನಿನಿಯೆ, ಕೇಳು! ಕಳೆದುಹೋದ ಮನಿಯಾರ್ಡರುಗಳನ್ನು ಪಾತಾಳದಿಂದ ಮೇಲೆತ್ತಿದ ಈ ಭುಜಗಳು ಒಂದು ಬೊಗಸೆ ನೀರಿಗೆ ಅಂಜುವುವೆ? ಸೂರ್ಯನು ಪಡುವಣಕ್ಕೆ ವಾಲುವ ಮುನ್ನ ಈ ಕಂಬಳಿಯನ್ನು ನಿಷ್ಕಳಂಕ, ನಿರ್ಗಂಧ ಮಾಡದಿದ್ದರೆ, ಇಂದಿನ ಏಕಾದಶಿಯಷ್ಟೇ ಅಲ್ಲ, ನಾಳೆಯ ದ್ವಾದಶಿಯೂ ನನಗೆ ಉಪವಾಸ!”

“ದ್ವಾದಶಿ ಉಪವಾಸ ಮಾಡಬಾರದ್ರಿ, ದೋಷ ಅದ,” ಎಂದಳು ಮಡದಿ. “ಮೊದಲ ಕಚ್ಚಿ ಮ್ಯಾಲೆ ಕಟ್ಕೋರಿ, ತೊಯ್ತದ.”

ಯುದ್ಧ ಮೊದಲಾಯಿತು. ಉಜ್ಜುವವನು ಮೂರ್ಖ, ಒತ್ತುವವನು ಜಾಣ. ಉಜ್ಜಿದರೆ ಶತ್ರು ಎಳೆಗಳ ಗುಹೆಯೊಳಗೆ ಇಳಿದು ಅವಿತುಕೊಳ್ಳುತ್ತಾನೆ. ಇದನ್ನು ಬಲ್ಲ ರಾಯನು ಧೋತರವನ್ನು ಎಂಟು ಮಡಿಕೆ ಮಾಡಿ ಸರೋವರದ ಮೇಲಿಟ್ಟು, ಅದರ ಮೇಲೆ ತಾನೇ ಹತ್ತಿ, ಒಮ್ಮೆ ಬಲಗಾಲಿನ ಮೇಲೆ, ಒಮ್ಮೆ ಎಡಗಾಲಿನ ಮೇಲೆ, ಗೋಡೆ ಹಿಡಿದುಕೊಂಡು ಉಗ್ರತಪಸ್ಸಿಗೆ ನಿಂತ ಋಷಿಯಂತೆ ನಿಂತನು. ಧೋತರ ಹೀರಿತು. ಬಳಿಕ ಅಂಟವಾಳಕಾಯಿಯ ನೊರೆ, ಬಳಿಕ ತಣ್ಣೀರು, ಮತ್ತೆ ಧೋತರ, ಕೊನೆಗೆ ವಾಯುದೇವನ ಅಂಶವಾದ ಟೇಬಲ್ ಫ್ಯಾನು. ಹತ್ತು ಗಂಟೆಗೆ ಕಂಬಳಿ ಹುಟ್ಟಿದ ದಿನದಂತೆ ಹೊಳೆಯಿತು.

“ಸ್ವಚ್ಛ ಆತು ನೋಡು!”

“ಸ್ವಚ್ಛ ಆತು. ಶುದ್ಧ ಆಗಬೇಕಲ್ಲ?” ಎಂದು ಸುಭದ್ರಾಬಾಯಿ ಸೀಸೆ ತಂದು ನಡುಮಧ್ಯಕ್ಕೆ ಗೋಮೂತ್ರ ಚಿಮುಕಿಸಿ, ದಾಸರ ಪದವೊಂದನ್ನು ಗುನುಗುತ್ತ ಒಳಗೆ ಹೋದಳು.

ಮೋತಿ ಬಂದನು. ಮೂಸಿದನು. ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು. ತನ್ನ ಸಾಮ್ರಾಜ್ಯದ ನಟ್ಟನಡುವೆ ಯಾವನೋ ಪರರಾಜನು, ಮೂಗಿನ ಅಳತೆಯಲ್ಲಿ ಹೇಳುವುದಾದರೆ ತನ್ನ ಹತ್ತರಷ್ಟು ದೊಡ್ಡವನು, ಶಾಸನ ಬರೆದು ಹೋಗಿದ್ದಾನೆ! ಕ್ಷಾತ್ರವುಳ್ಳ ಯಾವ ನಾಯಿ ಇದನ್ನು ಸಹಿಸೀತು? ಉತ್ತರವನ್ನು ಅಲ್ಲೇ ಬರೆದನು.

ಸುಭದ್ರಾಬಾಯಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. “ಕಟ್ಟಿರ ಹಾಕಬಾರದೇನ್ರಿ ಅದನ್ನ?”

“ಶತ್ರುವನ್ನ ಕಟ್ಟಿಹಾಕಿ ಗೆಲ್ಲೂದು ಕ್ಷತ್ರಿಯಧರ್ಮ ಅಲ್ಲ.”

“ನೀವು ಯಾವಾಗಿಂದ ಕ್ಷತ್ರಿಯರಾದ್ರಿ? ಹಸೀ ಧೋತರ ಹಿಡ್ಕೊಂಡು ನಿಂತೀರಿ.”

ಎರಡನೆಯ ಸಮರದಲ್ಲಿ ಸೋಡಾಪುಡಿಯೆಂಬ ಅಸ್ತ್ರವೂ ನಿಂಬೆರಸವೆಂಬ ಪ್ರತ್ಯಸ್ತ್ರವೂ ಸೇರಿ ಬುಸ್ಸೆಂದು ನೊರೆಗರೆದವು. ಮಧ್ಯಾಹ್ನಕ್ಕೆ ಜಯ. ಜಯದ ಬೆನ್ನಿಗೆ ಶುದ್ಧಿ. ಶುದ್ಧಿಯ ಬೆನ್ನಿಗೆ ಮೋತಿ. ಹೊಟ್ಟೆಯಲ್ಲಿ ಉಪವಾಸ, ಮೊಣಕಾಲಿನಲ್ಲಿ ವಾಯು, ಕೈಯಲ್ಲಿ ಮೂರನೆಯ ಧೋತರ ಹಿಡಿದು ಆ ಮಹಾರಥಿಯು ಮೂರನೆಯ ಬಾರಿ ಒತ್ತಿ, ತೊಳೆದು, ಹಿಂಡಿ, ಫ್ಯಾನು ಹಚ್ಚಿ, ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕುಸಿದನು. ಅಪರಾಧಿಯು ಬಾಲ ಆಡಿಸುತ್ತ ಬಂದು ಅವನ ತೊಡೆಗೆ ಗದ್ದ ಊರಿದನು.

“ಮೋತ್ಯಾ,” ಎಂದನು ರಾಯ, ಈಗ ಮನೆಯ ಮಾತಿನಲ್ಲೇ, ಮೆಲ್ಲಗೆ. “ಯಾಕೋ ಹಿಂಗ ಮಾಡ್ತಿ? ನೀ ಹೋದ್ರ ಸಂಜೀಮುಂದ ನಾ ಯಾರ ಜೋಡಿ ತಿರಗ್ಯಾಡ್ಲಿ? ಒಬ್ಬನ ತಿರಗಿದ್ರ, ‘ಪಾಪ, ರಿಟೈರ್ ಆಗ್ಯಾರ’ ಅಂತಾರ ಮಂದಿ.”

ಮೋತಿ ಅವನ ಕೈ ನೆಕ್ಕಿದನು.

ಗಂಟೆ ಎರಡಾಗಿತ್ತು. ಪಾತ್ರೆ ತೊಳೆಯುವ ಫಕೀರವ್ವ ಒಳಗೆ ಬಂದವಳು, ಸುಭದ್ರಾಬಾಯಿ ಸೀಸೆ ಬಗ್ಗಿಸಿ ನಾಲ್ಕನೆಯ ಶುದ್ಧಿ ಮುಗಿಸುವುದನ್ನು ಬಾಗಿಲಿಗೆ ಒರಗಿ ನೋಡಿದಳು. ಬೆಳಗಿನಿಂದ ನಡೆದ ಕಥೆಯನ್ನೆಲ್ಲ ಒಡತಿಯ ಬಾಯಿಂದ ಕೇಳಿದಳು. ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಅಲ್ರೀ ಬಾಯಾರ, ನೀವು ಆಕಳ ಉಚ್ಚಿ ಹೊಯ್ತೀರಿ, ಅದು ತನ್ನ ಉಚ್ಚಿ ಹೊಯ್ತೈತಿ. ನೀವು ನಿಲ್ಲಸೂತನಕ ಅದೂ ನಿಲ್ಲಸಂಗಿಲ್ಲ.”

“ಏ ಫಕೀರವ್ವ, ಬಾಯಿ ಸಂಬಾಳಿಸು! ಅದು ಗೋಮೂತ್ರ!”

“ಅದು ನಿಮಗ ಗೊತ್ತೈತ್ರಿ. ನಾಯಿಗೆ ಯಾರ ಹೇಳ್ಯಾರ?”

ಫ್ಯಾನು ತಲೆಯಾಡಿಸಿತು. ಸುಭದ್ರಾಬಾಯಿ ಕೈಯಲ್ಲಿದ್ದ ಸೀಸೆಯನ್ನು ನೋಡಿದಳು, ಕಂಬಳಿಯನ್ನು ನೋಡಿದಳು. ಅತ್ತೆಯಿಂದ ಕಲಿತದ್ದು, ಅತ್ತೆ ತನ್ನ ಅತ್ತೆಯಿಂದ ಕಲಿತದ್ದು. ಗೋವಿನ ಪಾವಿತ್ರ್ಯಕ್ಕೆ ಇದರಿಂದ ಎಳ್ಳಷ್ಟೂ ಊನವಿಲ್ಲವೆಂದು ನಾನೂ ನಂಬುತ್ತೇನೆ. ಆದರೆ ಪವಿತ್ರವಾದದ್ದನ್ನು ಯಾರ ಮೂಗಿನ ಮುಂದೆ ಚೆಲ್ಲಬೇಕೆಂಬುದಕ್ಕೂ ಒಂದು ವಿವೇಕ ಬೇಕಲ್ಲವೆ?

“ಹಂಗಾದ್ರ ತುಳಸೀ ನೀರರ ಹಾಕ್ಲೇನು?” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

“ಏನೂ ಹಾಕಬ್ಯಾಡ್ರಿ. ಆಮ್ಯಾಲ ದೇವರ ಹಾಡು ಹಾಡ್ತೀರಲ್ಲ, ಅದ ಸಾಕಾಗಂಗಿಲ್ಲೇನು?”

ರಾಯನು ನಾಲ್ಕನೆಯ ಧೋತರಕ್ಕೆ ಕೈಹಾಕಿದನು. ಈ ಸಲ ತೊಳೆದದ್ದು ಮೋತಿಯದನ್ನಲ್ಲ, ಆಕಳದನ್ನು. ಆದರೂ ಶ್ರದ್ಧೆ ಕಡಿಮೆಯಾಗಲಿಲ್ಲ. ಮೂರೂವರೆಗೆ ಎಲ್ಲರೂ ಗೋಡೆಗೆ ಅಂಟಿ ನಿಂತರು. ಮೋತಿ ಕಂಬಳಿಯನ್ನು ಪ್ರವೇಶಿಸಿದನು. ನಡುವಿಗೆ ನಡೆದನು. ಮೂಸಿದನು. ಬಲಕ್ಕೆ ಮೂಸಿದನು, ಎಡಕ್ಕೆ ಮೂಸಿದನು. ಹಿಂಗಾಲು ಮೇಲೆದ್ದಿತು, ರಾಯನು ಕಣ್ಣು ಮುಚ್ಚಿಕೊಂಡನು. ಎದ್ದ ಕಾಲು ಮುಂದೆ ಬಂದು ಕಿವಿ ಕೆರೆಯಿತು. ಬಳಿಕ ಪರರಾಜನಾರೂ ಇಲ್ಲವೆಂದು ಕಂಡ ಆ ಸಾರ್ವಭೌಮನು ಸುತ್ತು ಹಾಕಿ, ಆಕಳಿಸಿ, ಹಿತ್ತಲಿಗೆ ಹೊರಟುಹೋದನು.

ನಾಲ್ಕಕ್ಕೆ ಸುಭದ್ರಾಬಾಯಿ ಸೆರಗು ಸಿಕ್ಕಿಸಿ, ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಷ್ಟು ಬಾಗಿ ಕಂಬಳಿಗೆ ಮೂಗು ಹಚ್ಚಿದಳು. ದೇವರ ಮುಂದಲ್ಲದೆ ಆಕೆ ಹಾಗೆ ಬಾಗಿದ್ದು ಅದೇ ಮೊದಲು.

“ಅಂಟವಾಳಕಾಯಿ ವಾಸನಿ ಬರ್ತದ.”

“ಅದು ನಾಯೀದಲ್ಲ,” ಎಂದನು ರಾಯ.

“ಹೂಂ,” ಎಂದಷ್ಟೇ ಹೇಳಿ ಅವಳು ಬಾಗಿಲು ತೆಗೆಯಲು ಎದ್ದಳು.

ಹತ್ತೊಂಬತ್ತು ಜನ ಬಂದರು, ಕಂಬಳಿ ತುಂಬಿತು, ತಾಳಗಳು ಝಣಝಣಿಸಿದವು. ಎರಡನೆಯ ಹಾಡಿನ ಪಲ್ಲವಿಗೆ, ಹಿರಿಯಳಾದ ರುಕ್ಮಾಬಾಯಿಯ ತೊಡೆಯಿಂದ ಜಾರಿ ಕೆಳಗೆ ಕೂತಿದ್ದ ಎಂಟು ತಿಂಗಳ ಮೊಮ್ಮಗನು ಕಂಬಳಿಯ ನಟ್ಟನಡುವೆ, ಸದ್ದಿಲ್ಲದೆ, ಧಾರಾಳವಾಗಿ ತನ್ನ ಪಾಲಿನದನ್ನು ಅರ್ಪಿಸಿದನು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಾಯನ ಕೈ ತಾನಾಗಿ ಧೋತರಕ್ಕೆ ಹೋಯಿತು.

“ಅಯ್ಯ, ಇರಲಿ ಬಿಡ್ರಿ, ಕೂಸು! ಅದು ಗಂಗೀನ!” ಎಂದು ನಾಲ್ಕಾರು ಜನ ಒಟ್ಟಿಗೆ ನಕ್ಕರು. ರುಕ್ಮಾಬಾಯಿ ಹಾಡು ನಿಲ್ಲಿಸಲೂ ಇಲ್ಲ. ಚೀಲದಿಂದ ಹಳೆಯ ಅರಿವೆಯೊಂದನ್ನು ಎಳೆದು, ಮೂರು ಸಲ ಒತ್ತಿ, ಮಡಚಿ ಚೀಲಕ್ಕೆ ಹಾಕಿಕೊಂಡಳು. ಚರಣ ಶುರುವಾಗುವುದರೊಳಗೆ ಮುಗಿದಿತ್ತು. ಎಂಟು ತಾಸಿನ ಆ ಮಹಾಸಂಗ್ರಾಮದ ರಣಭೂಮಿಯನ್ನು ರಾಯನು ಆಗ ಮೊದಲ ಸಲ ಸರಿಯಾಗಿ ಕಂಡನು. ಒಂದು ಚಪಾತಿಯಷ್ಟಿತ್ತು.

ಮಂಗಳಾರತಿಯಾಗಿ, ಎಲ್ಲರೂ ಹೋದರು. ಸುಭದ್ರಾಬಾಯಿ ಕೂಸು ತೋಯಿಸಿದ ಜಾಗವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೊಸ್ತಿಲಾಚೆ ಕಣ್ಣು ಪಿಳುಕಿಸುತ್ತ ಕೂತ ಮೋತಿಯನ್ನು ನೋಡಿದಳು. ಮುಧೋಳದ ಮಾತು ಬರಬಹುದೆಂದು ರಾಯನು ಹೋಗಿ ಮೋತಿಗೆ ಅಡ್ಡವಾಗಿ ನಿಂತನು.

“ನಾಳೆ ಪಾರಣಿ ಲಗೂನ ಅದ,” ಎಂದಳು. “ನಸಿಕಿನ್ಯಾಗ ಎದ್ದು ಇಬ್ಬರೂ ಕೂಡಿ ಹೋಗಿ ಹಾಲು ತಗೊಂಡು ಬರ್ರಿ.”