ಅವ್ವನ ನಿಂಬೆಗಿಡ ಮತ್ತು ಎರಡು ಖಾಲಿ ಚೌಕ

ಇಂಡಿ ಪಟ್ಟಣದ ಸ್ಟೇಶನ್ ರಸ್ತೆಯಲ್ಲಿರುವ ಜೈನುದ್ದೀನರ ಇಂಟರ್‌ನೆಟ್ ಅಂಗಡಿಯ ಮೂರನೇ ಕಂಪ್ಯೂಟರಿನೊಳಗೆ ವಾಸವಾಗಿರುವ, ಈ-ಮೇಲ್ ತಂತ್ರಾಂಶದ ಚಿತ್ರ ತಡೆಯುವ ಕಾವಲುಗಾರರ ಸನ್ನಿಧಾನಕ್ಕೆ,

ಮಾನ್ಯರೇ,

ಕರೆಂಟು ಇದ್ದಷ್ಟು ಹೊತ್ತಾದರೂ ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇಂಡಿ ತಹಶೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಹತ್ತೊಂಬತ್ತು ವರ್ಷಗಳಿಂದ ಜನರ ಅರ್ಜಿ ಬರೆದುಕೊಡುತ್ತಿರುವ ಶಂಕರೆಪ್ಪನೆಂಬ ನಾನು, ತಮಗೆ ಪಾದಗಳಿವೆಯೋ ಇಲ್ಲವೋ ತಿಳಿಯದ ಕಾರಣ, ದೂರದಿಂದಲೇ ಕೈಮುಗಿಯುತ್ತಿದ್ದೇನೆ. ಇಷ್ಟು ವರ್ಷ ಪರರ ದುಃಖ ಬರೆದು ಕೈ ಪಳಗಿದೆ; ಸ್ವಂತದ್ದನ್ನು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಅಲ್ಲಲ್ಲಿ ಅಕ್ಷರ ಓರೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ತೋಟದಲ್ಲಿ ನಲವತ್ತು ನಿಂಬೆಗಿಡಗಳಿದ್ದವು. ಬಾವಿಯ ಪಕ್ಕದ ಹಿರಿಯ ಗಿಡವನ್ನು ನನ್ನ ತಾಯಿ ಚನ್ನವ್ವ ಮದುವೆಯಾಗಿ ಬಂದ ವರ್ಷ ಹಚ್ಚಿ, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಉಳಿದ ಮೂವತ್ತೊಂಬತ್ತೂ ಅದರ ಹಣ್ಣಿನ ಬೀಜದಿಂದ ಬಂದವು. ಈ ವರ್ಷ, ಅಂದರೆ ೨೦೦೫ರ ಶ್ರಾವಣದಲ್ಲಿ, ಆ ಹಿರಿಯ ಗಿಡದ ಎಲೆಗಳ ಮೇಲೆ ಕಂದು ಚುಕ್ಕೆ ಎದ್ದವು. ಗಿಡಗಳ ರೋಗ ಬಲ್ಲ ವಿಜ್ಞಾನಿಯೊಬ್ಬರಿಗೆ ನಾಲ್ಕು ಎಲೆ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅರ್ಜಿ ಬರೆಯುವವನ ಗರ್ವ ನೋಡಿ, ನಾನು ಎಲೆ ಕಳಿಸದೆ ಆ ಚುಕ್ಕೆಗಳನ್ನು ಎರಡು ಪುಟ ವರ್ಣಿಸಿ ಕಳಿಸಿದೆ.

ಆ ವಿಜ್ಞಾನಿ ಸಾಹೇಬರು ಜೈನುದ್ದೀನರ ಅಂಗಡಿಯ ವಿಳಾಸಕ್ಕೆ ಈ-ಮೇಲ್ ಮೂಲಕ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ಉತ್ತರ ಕೊಟ್ಟರು. ವರ್ಣನೆ ಬಹಳ ಸೊಗಸಾಗಿದೆ, ರೋಗ ಮಾತ್ರ ತಿಳಿಯಲಿಲ್ಲ, ಕೆಳಗೆ ಎರಡು ಚಿತ್ರಗಳಿವೆ, ಎಲೆ ಹಿಡಿದು ಹೋಲಿಸಿ ನೋಡಿ ಎಂದಿದ್ದರು. ಒಂದನೇ ಚಿತ್ರದಂತಿದ್ದರೆ ಎರಡು ಸಲ ಔಷಧ ಹೊಡೆದರೆ ಸಾಕು; ಎರಡನೇ ಚಿತ್ರದಂತಿದ್ದರೆ ಎಂಟು ದಿನದೊಳಗೆ ಗಿಡ ಕಡಿದು ಬೇರುಸಹಿತ ಸುಡಬೇಕು, ತಡಮಾಡಿದರೆ ಇಡೀ ತೋಟ ಹೋದೀತು. ಅದರ ಕೆಳಗೆ ತಾವು ದಯಪಾಲಿಸಿದ್ದು ಎರಡು ಖಾಲಿ ಚೌಕ, ಒಂದೊಂದರ ಮೂಲೆಯಲ್ಲೂ ಒಂದೊಂದು ಕೆಂಪು ಗುರುತು.

ತಮ್ಮ ದೃಢತೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಜೈನುದ್ದೀನರು ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಮೌಸ್ ಬದಲಿಸಿದರು, ಕಂಪ್ಯೂಟರನ್ನು ಆರು ಸಲ ಮಲಗಿಸಿ ಎಬ್ಬಿಸಿದರು, ತಾವು ಜಗ್ಗಲಿಲ್ಲ. "ಲೋಡ್ ಆಗಾಕತ್ತೈತ್ರಿ, ಚಾ ಕುಡದು ಬರ್ರಿ" ಎಂದರು. ಮೂರು ದಿನ ಚಹಾ ಕುಡಿದೆ. ಪತ್ರದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದ ಬೂದು ಪಟ್ಟಿಯೊಂದು ಕಾಣುತ್ತಿತ್ತು, ಅದೇನೆಂದು ಕೇಳಿದೆ. "ಅದನ್ನ ಮುಟ್ಟಬ್ಯಾಡ್ರಿ, ವೈರಸ್ ಇರ್ತೈತಿ" ಎಂದರು. ನಾನು ಮುಟ್ಟಲಿಲ್ಲ. ಸಾಹೇಬರಿಗೆ ಫೋನ್ ಹಚ್ಚಿದರೆ ತರಬೇತಿಗೆ ಹೋಗಿದ್ದಾರೆ, ಹದಿನೈದು ದಿನ ಬಿಟ್ಟು ಮಾಡಿ ಎಂದು ಅವರ ಕಚೇರಿಯವರು ಹೇಳಿದರು.

ಐದನೇ ದಿನ ಖಾಲಿ ಚೌಕಗಳ ಪ್ರಿಂಟು ತೆಗೆಸಿಕೊಂಡು ತೋಟವಿರುವ ನಮ್ಮ ಊರಿಗೆ ಹೋದೆ. ಪಕ್ಕದ ತೋಟದ ಧರೆಪ್ಪ ಅದನ್ನು ತಿರುವಿ ಮುರುವಿ ನೋಡಿ, "ಮನಷ್ಯಾಗ ತಿಳೀಲಿಲ್ಲಂದ್ರ ಹೂವರ ಕೇಳೂಣು" ಎಂದ. ನಮ್ಮಲ್ಲಿ ಹಾಗೊಂದು ಪದ್ಧತಿ ಇದೆ; ಒದ್ದೆ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ ಕೇಳಿಕೊಂಡರೆ, ಮೊದಲು ಉದುರಿದ ಹೂವೇ ಉತ್ತರ. ಎಡಕ್ಕೆ ಒಂದನೇ ಚಿತ್ರ, ಬಲಕ್ಕೆ ಎರಡನೆಯದು ಎಂದು ಗೊತ್ತುಮಾಡಿ, ಪ್ರಿಂಟನ್ನು ಹನುಮಪ್ಪನ ಮುಂದೆ ಇಟ್ಟೆವು. ಬಲಗಡೆಯ ಹೂ ಬಿತ್ತು. ಗುಡಿಗೆ ಹೊಸದಾಗಿ ದಾನ ಬಂದ ಫ್ಯಾನು ಬಲಗಡೆಗೇ ಜೋರಾಗಿ ಬೀಸುತ್ತದೆಂಬುದು ನನಗೆ ಹೊಳೆದದ್ದು ಆಮೇಲೆ. ಹನುಮಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಚಿತ್ರವನ್ನು ತಾವು ಅವನಿಗೂ ತೋರಿಸಿರಲಿಲ್ಲ.

ಮರುದಿನ ಅವ್ವ ಗಿಡಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೊಸ ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಕಟ್ಟಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗಿನಂತೆ ಉಡಿ ತುಂಬಿದಳು. "ನಿನ್ನ ಮಕ್ಕಳು ಮೂವತ್ತೊಂಬತ್ತು ಮಂದಿ ಅದಾರ, ಅವರನ್ನ ಉಳಸಾಕ ಹೊಂಟೀದಿ ತಾಯಿ" ಎಂದು ಅದಕ್ಕೇ ಹೇಳಿ, ಬೆನ್ನು ತಿರುಗಿಸಿ ಬಾವಿಯ ಕಟ್ಟೆಯ ಮೇಲೆ ಕುಳಿತಳು. ಕೊಡಲಿ ಹಾಕಿದ್ದು ನಾನೇ.

ನಾಲ್ಕು ದಿನಕ್ಕೆ, ವಿಜಾಪುರದ ಕಾಲೇಜಿನಲ್ಲಿ ಓದುವ ನನ್ನ ಮಗಳು ಸುಮಂಗಲಾ ರಜೆಗೆ ಬಂದಳು. ಅದೇ ಅಂಗಡಿ, ಅದೇ ಕಂಪ್ಯೂಟರು. ಬೂದು ಪಟ್ಟಿಯ ಮೇಲೆ ಒಮ್ಮೆ ಒತ್ತಿದಳು, ಎರಡೂ ಚಿತ್ರಗಳು ಬಂದು ನಿಂತವು. ನನ್ನ ಅಂಗಿಯ ಕಿಸೆಯಲ್ಲಿ ಬಾಡಿದ ಎಲೆಯೊಂದು ಉಳಿದಿತ್ತು. ಅದನ್ನು ಪರದೆಗೆ ಹಿಡಿದು ನೋಡಿದೆವು. ಒಂದನೇ ಚಿತ್ರ.

ಪಟ್ಟಿಯಲ್ಲಿ ಬರೆದದ್ದನ್ನು ಮಗಳು ಕನ್ನಡದಲ್ಲಿ ಹೇಳಿದಳು: ನನ್ನ ಖಾಸಗಿತನ ಕಾಯುವ ಸಲುವಾಗಿ ಚಿತ್ರಗಳನ್ನು ತಡೆಹಿಡಿಯಲಾಗಿದೆ, ನೋಡಬೇಕಿದ್ದರೆ ಇಲ್ಲಿ ಒತ್ತಿ. ಮಾನ್ಯರೇ, ನಮ್ಮ ಮನೆಯ ಪಲ್ಯ ಯಾವುದೆಂದು ಒಗ್ಗರಣೆ ಬೀಳುವ ಮೊದಲೇ ಓಣಿಗೆಲ್ಲ ಗೊತ್ತಿರುತ್ತದೆ. ಇಂಥಲ್ಲಿ ನನ್ನ ಖಾಸಗಿತನ ಕಾಯಲು ನಿಂತ ಮೊದಲಿಗರು ತಾವೇ, ಅದೂ ಎರಡು ನಿಂಬೆ ಎಲೆಗಳ ಕಾಟದಿಂದ. ಈ ಉಪಕಾರಕ್ಕೆ ಪ್ರತಿಯಾಗಿ ತಮ್ಮನ್ನು ನಮ್ಮ ಓಣಿಗೆ ವರ್ಗ ಮಾಡಿಕೊಡಬೇಕೆಂದು ಮೇಲಿನವರಿಗೆ ಶಿಫಾರಸು ಬರೆಯಲು ಸಿದ್ಧನಿದ್ದೇನೆ. ಬಂದಮೇಲೆ ನಮ್ಮ ಕೊಡಲಿಯೊಳಗೂ ಒಂದಿಷ್ಟು ಹೊತ್ತು ವಾಸ ಮಾಡಬೇಕು. ಅದು ಬೀಳುವ ಮುನ್ನ ಎದುರಿಗೊಂದು ಬೂದು ಪಟ್ಟಿ ಮೂಡಿಸಿ, ನಿಜವಾಗಿಯೂ ಕಡಿಯಬೇಕೇ ಎಂದು ಕೇಳಬೇಕು. ಪಟ್ಟಿ ಕನ್ನಡದಲ್ಲಿರಲಿ, ಚಕ್ಕಡಿಯಷ್ಟು ಅಗಲವಿರಲಿ.

ಅವ್ವನಿಗೆ ಇದನ್ನು ಎರಡು ದಿನ ಬಿಟ್ಟು ಹೇಳಿದೆ. ಹೇಳಿದ ಮೇಲೆ ಅವಳು ಅಳಲಿಲ್ಲ. "ಮುಟ್ಟಿದ್ರ ತೋರಸ್ತಿತ್ತಂತ. ಇಷ್ಟು ಮಂದಿ ಗಂಡಸರು ಇದ್ರಿ, ಒಬ್ರೂ ಮುಟ್ಟಲಿಲ್ಲೇನು?" ಎಂದು ಕೇಳಿದಳು. ಹತ್ತೊಂಬತ್ತು ವರ್ಷ ಬೇರೆಯವರ ಪರವಾಗಿ ಉತ್ತರ ಬರೆದ ನಾನು ಈ ಪ್ರಶ್ನೆಯನ್ನು ತಮ್ಮ ಕಡೆಗೇ ಕಳಿಸುತ್ತಿದ್ದೇನೆ. ನನಗೆ ಬಹಳ ನಾಚಿಕೆಯಾಗಿದೆ, ಅದರಲ್ಲಿ ಅರ್ಧ ಪಾಲನ್ನು ತಾವು ದಯವಿಟ್ಟು ಸ್ವೀಕರಿಸಬೇಕು.

ಇನ್ನೂ ತಮ್ಮ ಕಾವಲಿನಲ್ಲಿಯೇ ಇರುವ,
ತಮ್ಮ ವಿಶ್ವಾಸಿ,
ಶಂಕರೆಪ್ಪ

ತಾ.ಕ.: ಗಿಡವಿದ್ದ ಜಾಗದ ಫೋಟೊ ಒಂದನ್ನು ಇದರೊಂದಿಗೆ ಕಳಿಸಿದ್ದೇನೆ. ತಮ್ಮದೇ ನಿಯಮದಿಂದಾಗಿ ತಮಗದು ಕಾಣದಿದ್ದರೆ ನೊಂದುಕೊಳ್ಳಬೇಡಿ, ಫೋಟೊದಲ್ಲಿಯೂ ಏನೂ ಇಲ್ಲ. ಬಾವಿಯ ಪಕ್ಕದಲ್ಲಿ ಒಂದು ಖಾಲಿ ಚೌಕ, ಅಷ್ಟೇ. ಅದರಲ್ಲಿ ಎಲ್ಲಿ ಒತ್ತಬೇಕೆಂದು ಅವ್ವ ಕೇಳುತ್ತಿದ್ದಾಳೆ.