ಏಳು ಕಾರ್ಟ್ರಿಜ್‌ಗಳ ಸದ್ಗತಿ

ಮೂವತ್ತು ವರ್ಷ ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಮನುಷ್ಯನಿಗೆ, ಫ್ರಿಜ್ಜಿನ ಏಳು ಹಳೆಯ ಫಿಲ್ಟರ್ ಕಾರ್ಟ್ರಿಜ್‌ಗಳನ್ನು ಮರುಬಳಕೆಗೆ ಕೊಡುವುದೂ ಒಂದು ಕೆಲಸವೇ? ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ತಿಂಡಿ ಹೊತ್ತಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಹದಿನಾರು ದಿನ ಹಿಡಿಯಿತು!

ಈ ಕಾರ್ಟ್ರಿಜ್‌ಗಳು ನನ್ನ ಹೆಂಡತಿ ಸುನಂದಾಳ ಆಸ್ತಿ. ಬಾಗಿಲಲ್ಲೇ ತಣ್ಣೀರು ಬರುವ ಫ್ರಿಜ್ಜು ಬೇಕೆಂದು ಹಟ ಹಿಡಿದು ನಮ್ಮ ಮಂಡ್ಯದ ಮನೆಗೆ ತರಿಸಿದವಳು ಅವಳು. ನೀರು ಸೋಸಲು ಅದರೊಳಗೆ ಗೇಣುದ್ದದ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಆರು ತಿಂಗಳಾದರೆ ಕೆಂಪು ದೀಪ ಹತ್ತುತ್ತದೆ, ಕೊಳವೆ ಬದಲಾಯಿಸಬೇಕು. ಬದಲಾಯಿಸುತ್ತಿದ್ದವಳೂ ಅವಳೇ. ನಾನು ಪಕ್ಕದಲ್ಲಿ ನಿಂತು ಇದ್ದಲು ನೀರನ್ನು ಹೇಗೆ ಶುದ್ಧಮಾಡುತ್ತದೆಂದು ವಿವರಿಸುತ್ತಿದ್ದೆ. ತೆಗೆದ ಕೊಳವೆಯ ಮೇಲೆ ತಾರೀಖು ಬರೆದು ಅವಳು ಅಟ್ಟದಲ್ಲಿ ಇಡುತ್ತಿದ್ದಳು.

ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದುಕೊಂಡು ಹೇಳಿದಳು: "ರೀ, ಅಟ್ಟದ ಮ್ಯಾಲೆ ಏಳವೆ. ಕಸದ ಗಾಡಿಗೆ ಹಾಕ್ಬುಟ್ಟೀರ ಮತ್ತೆ! ಸರಿಯಾದ್ ಕಡೀಕೆ ಕೊಡಿ. ನಿಮ್ ಕೈಲಿ ಆಯ್ತದಾ?"

"ಆಯ್ತದೆ ಕಣೆ, ಅದೇನ್ ಮಹಾ!"

ಮೂರನೇ ದಿನ ಹೋಗಿಬಿಟ್ಟಳು. ಬೇರೆಯವರ ಹೆಂಡತಿಯರು ಕೊನೆಗಾಲದಲ್ಲಿ ಏನೇನೋ ದೊಡ್ಡ ಮಾತು ಹೇಳಿ ಹೋಗುತ್ತಾರಂತೆ. ನನ್ನ ಪಾಲಿಗೆ ಬಂದದ್ದು ಕಾರ್ಟ್ರಿಜ್ಜು! ಆದರೂ ಅವಳಿಗೆ ನಾನು ಕೊಟ್ಟ ಕೊನೆಯ ಮಾತು ಅದು. ವರ್ಷದ ತಿಥಿ ಹತ್ತಿರ ಬಂದರೂ ನಾನು ಅಟ್ಟ ಹತ್ತಿರಲಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎಂದಿದ್ದೆ. ನಿಜ ಹೇಳಬೇಕೆಂದರೆ, ಅವಳ ಕೈಬರಹ ನೋಡಲು ಧೈರ್ಯವಿರಲಿಲ್ಲ. ತಿಥಿಯೊಳಗೆ ಮಾತು ಉಳಿಸಿಕೊಳ್ಳಲೇಬೇಕೆಂದು ಕಡೆಗೂ ಏಣಿ ಹಾಕಿದೆ.

ಧೂಳಾಗಿವೆಯೆಂದು ಏಳನ್ನೂ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದೆ. ಚೀಲಕ್ಕೆ ತುಂಬಿಕೊಂಡು ಗುಜರಿ ಅಂಗಡಿಯ ರಹಮತ್ ಸಾಬರ ಬಳಿ ಹೋದೆ. ಅವರು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಮೇಷ್ಟ್ರೇ, ಇದು ನಮ್ಗೆ ಆಗಲ್ಲ. ಗೆಜ್ಜಲಗೆರೇಲಿ ಪ್ಲಾಸ್ಟಿಕ್ ಕರಗ್ಸೋರು ಅವ್ರೆ, ಅಲ್ಲಿ ಕೇಳ್ನೋಡಿ."

ಗೆಜ್ಜಲಗೆರೆಗೆ ಬಸ್ಸು ಹತ್ತಿದೆ. ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ತೊಳೆಯುವಾಗ ಏಳೂ ಹೊಟ್ಟೆತುಂಬ ನೀರು ಕುಡಿದಿದ್ದವು ಎನ್ನುವುದು ವಿಜ್ಞಾನದ ಮೇಷ್ಟ್ರಿಗೆ ಹೊಳೆದಿರಲಿಲ್ಲ. ಹನಕೆರೆ ಬರುವಷ್ಟರಲ್ಲಿ ನನ್ನ ಪ್ಯಾಂಟು ತೊಪ್ಪೆಯಾಗಿ, ಸೀಟಿನಿಂದ ನೀರು ತೊಟ್ಟಿಕ್ಕತೊಡಗಿತು. ಪಕ್ಕದಲ್ಲಿದ್ದ ಹೆಂಗಸು ನೋಡಿದಳು. ನನ್ನ ಮುಖ ನೋಡಿದಳು. ಸೆರಗು ಎಳೆದುಕೊಂಡು ಮೆಲ್ಲಗೆ ಅಂದಳು:

"ಇರ್ಲಿ ಬುಡಿ ಅಣ್ಣ. ನಮ್ಮಪ್ಪಂಗೂ ಹಿಂಗೇ ಆಯ್ತಿತ್ತು."

"ಅಯ್ಯೋ, ಇದು ಕಾರ್ಟ್ರಿಜ್ ನೀರಮ್ಮ!"

"ಯಾವ್ದಾದ್ರೂ ಆಗ್ಲಿ ಬುಡಿ. ವಯಸ್ಸಾದೋರನ್ನ ಹಿಂಗೆ ಒಬ್ರೇ ಕಳಿಸ್ತಾರಲ್ಲ! ಮನೇಲಿ ಎಡ್ತಿ ಇಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಬಸ್ಸಿಗೆ ಬಸ್ಸೇ ಲೊಚಗುಟ್ಟಿತು. ಕಂಡಕ್ಟರು ನನ್ನನ್ನು ಕೈಹಿಡಿದು ಇಳಿಸಿದ.

ಪ್ಲಾಸ್ಟಿಕ್ ಕರಗಿಸುವಲ್ಲಿನ ಮೇಸ್ತ್ರಿ ಒಳ್ಳೆಯ ಮನುಷ್ಯ. ನನ್ನ ಪ್ಯಾಂಟನ್ನು ನೋಡಿಯೂ ನೋಡದವನಂತೆ ಮಾತಾಡಿದ. "ಯಜಮಾನ್ರೇ, ಒಳಗೆ ಇದ್ದಲದೆ. ಹಿಂಗೇ ಹಾಕುದ್ರೆ ನಮ್ ಮಿಸಿನ್ ಕೆಟ್ಟೋಯ್ತದೆ. ಕುಯ್ದು, ನೀರು ಬಸ್ದು, ಇದ್ದಲು ತಗ್ದು, ಬರೀ ಪ್ಲಾಸ್ಟಿಕ್ ತನ್ನಿ, ತಕೋತೀವಿ."

ಮನೆಗೆ ಬಂದು ಗರಗಸ ಹಿಡಿದೆ. ದಿನಕ್ಕೆ ಒಂದರಂತೆಯೂ ಮುಗಿಯಲಿಲ್ಲ. ಅವಳು ಬರೆದ ತಾರೀಖಿನ ಮೇಲೆ ಗರಗಸ ಆಡಿಸಲು ಕೈ ಬರದೆ, ಬರಹ ತಪ್ಪಿಸಿ ಸುತ್ತುಹಾಕಿ ಕೊಯ್ಯಬೇಕಾಗಿತ್ತು. ಕೊನೆಯದು ಮುಗಿದಾಗ ನಾನು, ನನ್ನ ಪಂಚೆ, ಅಂಗಳ ಎಲ್ಲ ಕಪ್ಪು! ಒಳಗಿನ ಇದ್ದಲಿನ ಪುಡಿಯನ್ನು ಅಗಲವಾದ ಹಿತ್ತಾಳೆ ತಟ್ಟೆಗೆ ಸುರಿದು, ಗಾಳಿಗೆ ಹಾರದಂತೆ ಬಿಳಿ ಬಟ್ಟೆ ಮುಚ್ಚಿ ತಾರಸಿಯಲ್ಲಿ ಒಣಗಲಿಟ್ಟೆ. ಮರುದಿನ ಗೆಜ್ಜಲಗೆರೆಗೆ ಹೋಗಿ ಏಳು ಕೊಳವೆಗಳನ್ನೂ ಒಪ್ಪಿಸಿದೆ. ಸುನಂದಾಳಿಗೆ ಕೊಟ್ಟ ಮಾತು ನಡೆಸಿಬಿಟ್ಟೆನೆಂದು ಎದೆಯುಬ್ಬಿಸಿಕೊಂಡು ಬಸ್ಸಿಳಿದೆ.

ಸಂಜೆ ಮೋಡ ಕವಿಯಿತು. ತಟ್ಟೆಯನ್ನು ಕೆಳಗೆ ತಂದು, ಬೇರೆಲ್ಲೂ ಜಾಗ ಕಾಣದೆ ಸುನಂದಾಳ ಫೋಟೋದ ಕೆಳಗಿನ ಸ್ಟೂಲಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಮರುದಿನವೇ ತಿಥಿ. ಎಡೆಯ ಅಡುಗೆಗೆಂದು ಸುನಂದಾಳ ತಂಗಿ ಭಾಗ್ಯ ಅಷ್ಟರಲ್ಲೇ ಕೊತ್ತತ್ತಿಯಿಂದ ಬಂದಳು. ನಾನು ತಲೆ ಒರೆಸುತ್ತಾ ಬಚ್ಚಲಿನಿಂದ ಬಂದರೆ, ತಟ್ಟೆಗೆ ಅರಿಶಿನ, ಕುಂಕುಮ, ಹೂವು! ಭಾಗ್ಯ ನೆಲದಲ್ಲಿ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಾಳೆ.

"ಒಂದ್ ವರ್ಸಕ್ಕೆ ಇಷ್ಟ್ ಕರ್ರಗಾಗೋದ್ಯಲ್ಲಕ್ಕಾ! ಭಾವ, ಅಕ್ಕನ ಬೂದೀನ ಇನ್ನೂ ಮನೇಲೇ ಮಡೀಕೊಂಡಿದ್ದೀರಲ್ಲ! ಅಂಗಾರೆ ಅವತ್ತು ಹೊಳೇಲಿ ಬುಟ್ಟಿದ್ದು ಯಾರ್ದು?"

"ಭಾಗ್ಯ, ಅದು ಅವಳದೇ ಕಣಮ್ಮ. ಇದು ಫ್ರಿಜ್ಜಿಂದು!"

ಅವಳು ಅಳು ನಿಲ್ಲಿಸಿದಳು. ನಾನು ಆಸ್ಪತ್ರೆಯಿಂದ ಹಿಡಿದು ಬಸ್ಸಿನ ಪ್ಯಾಂಟಿನವರೆಗೆ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳಿಗೆ ನಗು ಬಂತು, ನನಗೂ ಬಂತು. ಆಮೇಲೆ ಇಬ್ಬರಿಗೂ ಒಟ್ಟಿಗೇ ಅಳು ಬಂತು. ಅರಿಶಿನ ಕುಂಕುಮ ಬಿದ್ದದ್ದನ್ನು ಕಸಕ್ಕೆ ಹಾಕುವಂತಿಲ್ಲವೆಂದು ಭಾಗ್ಯ ಹಟ ಮಾಡಿದಳು. ಸುನಂದಾ ನೆಟ್ಟಿದ್ದ ದಾಸವಾಳದ ಬುಡಕ್ಕೆ ಆ ಪುಡಿಯನ್ನು ಹಾಕಿ, ಇಬ್ಬರೂ ಕೈಮುಗಿದೆವು.

ಬೆಳಿಗ್ಗೆ ಎಡೆಗೆ ನೀರಿಡಲು ಭಾಗ್ಯ ಫ್ರಿಜ್ಜಿನಿಂದ ಒಂದು ಲೋಟ ಹಿಡಿದಳು. ಅಕ್ಕನಿಗೆ ಆ ತಣ್ಣೀರೇ ಇಷ್ಟ ಎಂದು ಅವಳಿಗೆ ಗೊತ್ತು. ಮೂಸಿ ನೋಡಿ ಮುಖ ಕಿವುಚಿದಳು.

"ಭಾವ, ಇದೇನ್ ವಾಸ್ನೆ! ಕೆಂಪು ಲೈಟು ಉರೀತಾದೆ. ಎಷ್ಟ್ ದಿನ ಆಯ್ತು ಇದ್ನ ಬದಲಾಯಿಸಿ?"

ಒಳಗಿರುವ ಎಂಟನೆಯದು ಸುನಂದಾ ಆಸ್ಪತ್ರೆಗೆ ಹೋಗುವ ಮೊದಲು ತಿರುಗಿಸಿ ಕೂರಿಸಿದ್ದು. ಅವಳ ಕೈ ಮುಟ್ಟಿದ್ದನ್ನು ತೆಗೆಯಲಾರದೆ, ತಿಂಗಳುಗಟ್ಟಲೆ ಆ ನೀರನ್ನೇ ಕುಡಿಯುತ್ತಿದ್ದೆ.

"ಇಂಥಾ ನೀರ್ನ ಅಕ್ಕಂಗೆ ಮಡಗ್ತೀರಾ?" ಎಂದಳು ಭಾಗ್ಯ.

ಅದು ನಾಟಿತು. ಸುನಂದಾ ಎಂದೋ ತಂದಿಟ್ಟಿದ್ದ ಹೊಸ ಕಾರ್ಟ್ರಿಜ್ ಹುಡುಕಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿದೆ. ಮೊದಲು ಬಂದ ಕಪ್ಪು ನೀರನ್ನು ಚೆಲ್ಲಿ, ತಿಳಿಯಾದ ಮೇಲೆ ಲೋಟ ತುಂಬಿಸಿ ಎಡೆಗಿಟ್ಟೆ. ಹಳೆಯದರ ಮೇಲೆ ತಾರೀಖು ಬರೆಯಬೇಕಿತ್ತು. ಬರೆದೆ. ಇದನ್ನೂ ಗೆಜ್ಜಲಗೆರೆಗೆ ಒಯ್ಯಬೇಕಾದ್ದು ನ್ಯಾಯ. ಆದರೆ ಯಾರೂ ನೋಡದಾಗ ಬೀರು ತೆಗೆದು, ಅವಳ ಸೀರೆಗಳ ನಡುವೆ ಬಚ್ಚಿಟ್ಟುಬಿಟ್ಟೆ.

ಎಡೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಒಳಗಿನಿಂದ ಭಾಗ್ಯ ಕೂಗಿದಳು:

"ಭಾವೋ, ಬೀರೂಲಿ ನೀರು ಸೋರ್ತಾದೆ! ಅಕ್ಕನ ದಾರೆ ಸೀರೆಯೆಲ್ಲಾ ನೆಂದೋಗದೆ!"

ಏಳನ್ನು ಬಸಿದು ಒಣಗಿಸಿದ ಮಹಾನುಭಾವ ನಾನು. ಎಂಟನೆಯದನ್ನು ಬಸಿಯುವುದು ಮರೆತಿದ್ದೆ.